ದೂರದರ್ಶಕದ ಗಾತ್ರ ಎಷ್ಟಿರಬೇಕು? ನಗರವಾಸಿ ಆಕಾಶವೀಕ್ಷಕರಿಗೆ ಒಂದು ಮಾರ್ಗದರ್ಶಿ

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಸ್ಪರ್ಶಿಸಿದ ಮೇಲೆ ನಮ್ಮ ಮನೆಗಳ ಮಕ್ಕಳು ಆಕಾಶದ ಕಡೆಗೆ ಕತ್ತೆತ್ತಿ ನೋಡುವುದು ಹೆಚ್ಚಾಗಿದೆ. ಹುಟ್ಟುಹಬ್ಬಕ್ಕೋ ಪರೀಕ್ಷೆಯ ಫಲಿತಾಂಶಕ್ಕೋ "ನನಗೊಂದು ಟೆಲಿಸ್ಕೋಪ್ ಬೇಕು" ಎಂಬ ಬೇಡಿಕೆ ಬಂದಾಗ ಹೆತ್ತವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಗಾತ್ರದ್ದು. 70 ಮಿಲಿಮೀಟರಿನದೇ, 130ರದೇ, ಇಲ್ಲವೇ ಒಮ್ಮೆಗೇ 200ರದೇ? ತೊಡಗಿಸುವ ಹಣ ಅಲ್ಪವಲ್ಲ. ಹಣಕ್ಕಿಂತಲೂ ದೊಡ್ಡದು ಮಗುವಿನ ಕುತೂಹಲ. ಮೊದಲ ನಾಲ್ಕಾರು ರಾತ್ರಿಗಳಲ್ಲಿ ನಿರಾಶೆಯಾದರೆ ದೂರದರ್ಶಕ ಲಾಫ್ಟ್ ಸೇರುತ್ತದೆ. ಅದರ ಹಿಂದೆಯೇ ಆಸಕ್ತಿಯೂ ಮೂಲೆ ಸೇರುತ್ತದೆ. ಆದುದರಿಂದ ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು.

ಗಾತ್ರ ಎಂದರೆ ಯಾವುದು?

ದೂರದರ್ಶಕದ ಗಾತ್ರವೆಂದರೆ ಅದರ ಕೊಳವೆಯ ಉದ್ದವಲ್ಲ. ಬೆಳಕನ್ನು ಸಂಗ್ರಹಿಸುವ ಮುಖ್ಯ ಮಸೂರದ ಅಥವಾ ದರ್ಪಣದ ವ್ಯಾಸವೇ ಅದರ ಗಾತ್ರ. ಮಸೂರವುಳ್ಳದ್ದು ವಕ್ರೀಭವನ ದೂರದರ್ಶಕ. ಗೆಲಿಲಿಯೋ ಬಳಸಿದ್ದು ಈ ಬಗೆಯದನ್ನು. ದರ್ಪಣವುಳ್ಳದ್ದು ಪ್ರತಿಫಲನ ದೂರದರ್ಶಕ; ನ್ಯೂಟನ್ 1668ರಲ್ಲಿ ನಿರ್ಮಿಸಿದ್ದು ಇದನ್ನು. ಒಂದೇ ವ್ಯಾಸಕ್ಕೆ ಹೋಲಿಸಿದರೆ ದರ್ಪಣದ ದೂರದರ್ಶಕವೇ ಅಗ್ಗ. 100 ಮಿಲಿಮೀಟರಿಗಿಂತ ದೊಡ್ಡದನ್ನು ಕೊಳ್ಳುವ ಹವ್ಯಾಸಿಗಳಲ್ಲಿ ಹೆಚ್ಚಿನವರು ದರ್ಪಣವನ್ನೇ ಆರಿಸಲು ಇದು ಕಾರಣ.

ವ್ಯಾಸ ಹೆಚ್ಚಿದಂತೆ ಎರಡು ಲಾಭಗಳುಂಟು. ಮೊದಲನೆಯದು ಬೆಳಕಿನ ಸಂಗ್ರಹ. ಅದು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕತ್ತಲೆಯಲ್ಲಿ ಪೂರ್ಣವಾಗಿ ಅರಳಿದ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಇರುತ್ತದೆ. ಅದಕ್ಕೆ ಹೋಲಿಸಿದರೆ 70 ಮಿಲಿಮೀಟರಿನ ಮಸೂರ 100 ಪಟ್ಟು, 130ರ ದರ್ಪಣ ಸುಮಾರು 345 ಪಟ್ಟು, 200ರ ದರ್ಪಣ ಸುಮಾರು 816 ಪಟ್ಟು ಬೆಳಕನ್ನು ಹಿಡಿಯುತ್ತವೆ. ಎರಡನೆಯದು ಹತ್ತಿರ ಹತ್ತಿರ ಇರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸುವ ಶಕ್ತಿ. ಒಂದು ಅಂಶದ 3,600ನೆಯ ಒಂದು ಭಾಗವನ್ನು ವಿಕಲೆ ಎನ್ನುತ್ತಾರೆ. 70 ಮಿಲಿಮೀಟರಿನ ದೂರದರ್ಶಕ ಸುಮಾರು 1.7 ವಿಕಲೆಯಷ್ಟು ಅಂತರವನ್ನು ಬೇರ್ಪಡಿಸಿದರೆ, 200ರದು ಸುಮಾರು 0.6 ವಿಕಲೆಯವರೆಗೆ ಹೋಗಬಲ್ಲದು. ಆದರೆ ವಾಯುಮಂಡಲದ ಕಂಪನವೇ ಸಾಮಾನ್ಯ ರಾತ್ರಿಗಳಲ್ಲಿ ಒಂದೆರಡು ವಿಕಲೆಗಳಷ್ಟಿರುವುದರಿಂದ ಈ ಎರಡನೆಯ ಲಾಭ ಎಲ್ಲ ರಾತ್ರಿಯೂ ಕೈಗೆ ಸಿಗುವಂತಹುದಲ್ಲ.

ವರ್ಧನೆಯ ಆಮಿಷ

ಅಂಗಡಿಗಳಲ್ಲಿ ಚಿಕ್ಕ ದೂರದರ್ಶಕಗಳ ಪೆಟ್ಟಿಗೆಗಳ ಮೇಲೆ "500 ಪಟ್ಟು ದೊಡ್ಡದಾಗಿ ತೋರಿಸುತ್ತದೆ" ಎಂಬಂತಹ ಬರಹ ಕಾಣಸಿಗುವುದುಂಟು. ಇದನ್ನು ನಂಬಿ ಕೊಳ್ಳಬಾರದು. ಮುಖ್ಯ ಮಸೂರದ ಸಂಗಮದೂರವನ್ನು ಕಣ್ಣಿನ ಬಳಿಯ ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ಐಪೀಸನ್ನು ಬದಲಿಸಿ ಯಾವ ಸಂಖ್ಯೆಯನ್ನಾದರೂ ತಲುಪಬಹುದು. ಆದರೆ ಉಪಯುಕ್ತ ವರ್ಧನೆಯ ಮಿತಿ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ 2 ಪಟ್ಟು. 60 ಮಿಲಿಮೀಟರಿನ ದೂರದರ್ಶಕಕ್ಕೆ 120 ಪಟ್ಟೇ ಎಲ್ಲೆ. ಅದನ್ನು ದಾಟಿದರೆ ಕಾಣುವುದು ದೊಡ್ಡದಾದ, ಮಸುಕಾದ, ನಡುಗುವ ಕಲೆ ಮಾತ್ರ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟಿನ ವರ್ಧನೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮ ಆಕಾಶದ ಸ್ಥಿತಿ

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡದ್ದು ಠಾಣೆಯ ವಾಗ್ಳೆ ಎಸ್ಟೇಟ್. ಕಾರ್ಖಾನೆಗಳ ಶೆಡ್ಡುಗಳಿದ್ದ ಹಲವೆಡೆ ಇಂದು ಗಾಜಿನ ಕಚೇರಿಗಳೂ ಎತ್ತರದ ವಸತಿ ಕಟ್ಟಡಗಳೂ ಎದ್ದಿವೆ. ಇವುಗಳ ಬೆಳಕು, ಹೆದ್ದಾರಿಯ ದೀಪಗಳು, ಗಾಳಿಯಲ್ಲಿನ ಧೂಳು ಮತ್ತು ತೇವ ಎಲ್ಲವೂ ಸೇರಿ ರಾತ್ರಿಯ ಆಕಾಶ ಕಪ್ಪಾಗುವ ಬದಲು ಕಂದುಬಣ್ಣದ ಮಬ್ಬಾಗಿ ಕಾಣುತ್ತದೆ. ಡೊಂಬಿವಿಲಿ, ಕಲ್ಯಾಣ, ನವಿ ಮುಂಬಯಿಗಳ ಸ್ಥಿತಿಯೂ ಬಹಳ ಭಿನ್ನವಲ್ಲ.

ಇಲ್ಲಿಯೇ ಗಾತ್ರದ ಪ್ರಶ್ನೆಯ ತಿರುಳಿದೆ. ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು ಪ್ರಕಾಶಮಾನವಾಗಿ ಕಾಣುವುದರಿಂದ ನಗರದ ಬೆಳಕು ಅವುಗಳನ್ನು ಮರೆಮಾಡಲಾರದು. ನೀಹಾರಿಕೆ, ಗೆಲಾಕ್ಸಿಗಳ ಮಾತು ಬೇರೆ. ಅವು ಹರಡಿಕೊಂಡಿರುವ ಮಸುಕು ಬೆಳಕುಗಳು. ದೊಡ್ಡ ದರ್ಪಣ ಅವುಗಳ ಬೆಳಕನ್ನು ಹೆಚ್ಚಾಗಿ ಸಂಗ್ರಹಿಸುವಂತೆಯೇ ನಗರದ ಮಬ್ಬನ್ನೂ ಅಷ್ಟೇ ಪ್ರಮಾಣದಲ್ಲಿ ಸಂಗ್ರಹಿಸುತ್ತದೆ. ಹಿನ್ನೆಲೆಗೂ ವಸ್ತುವಿಗೂ ಇರುವ ವ್ಯತ್ಯಾಸ ಹೆಚ್ಚುವುದಿಲ್ಲ. ವಾಗ್ಳೆ ಎಸ್ಟೇಟಿನ ಟೆರೇಸಿನಲ್ಲಿ 200 ಮಿಲಿಮೀಟರಿನ ದೂರದರ್ಶಕಕ್ಕೆ ದೇವಯಾನಿ ಗೆಲಾಕ್ಸಿಯ ಕೇಂದ್ರದ ಮಸುಕು ಚುಕ್ಕೆಯಷ್ಟೇ ದಕ್ಕಬಹುದು. ಕತ್ತಲೆಯ ಹಳ್ಳಿಯಲ್ಲಿ 50 ಮಿಲಿಮೀಟರಿನ ಬೈನಾಕ್ಯುಲರಿನಲ್ಲೇ ಅದು ನೀಳವಾಗಿ ಹರಡಿದ್ದು ಕಾಣುತ್ತದೆ.

ವೃತ್ತಿಪರ ವಿಜ್ಞಾನಿಗಳೂ ಇದೇ ನಿಯಮವನ್ನು ಪಾಲಿಸುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನಲ್ಲಿ ನಿಲ್ಲಿಸಲಿಲ್ಲ. ಅದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿದೆ; ಅದನ್ನು ನಡೆಸುವುದು ಬೆಂಗಳೂರಿನ ಸಮೀಪದ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಸ್ಥಳವನ್ನು ನಿರ್ಧರಿಸಿದ ಮೇಲೆಯೇ ಗಾತ್ರಕ್ಕೆ ಅರ್ಥ ಬರುವುದು.

ಯಾವ ಗಾತ್ರದಲ್ಲಿ ಏನು ಕಾಣುತ್ತದೆ?

50 ಮಿಲಿಮೀಟರ್ (ಬೈನಾಕ್ಯುಲರ್): 7×50 ಅಥವಾ 10×50 ಎಂದು ಗುರುತಿಸಲಾಗುವ ಇವು ಆರಂಭಕ್ಕೆ ಅತ್ಯುತ್ತಮ. ಕೃತ್ತಿಕಾ ನಕ್ಷತ್ರಗುಚ್ಛ, ಮಹಾವ್ಯಾಧನ ಖಡ್ಗದಲ್ಲಿನ ನೀಹಾರಿಕೆ, ಚಂದ್ರನ ದೊಡ್ಡ ಕುಳಿಗಳು, ಕೈ ನಡುಗದಂತೆ ಗೋಡೆಗೆ ಒರಗಿ ನೋಡಿದರೆ ಗುರುವಿನ ಉಪಗ್ರಹಗಳು ಕಾಣುತ್ತವೆ. ಆಕಾಶದಲ್ಲಿ ಆಸಕ್ತಿ ಉಳಿಯದಿದ್ದರೂ ಪ್ರವಾಸಕ್ಕೆ, ಪಕ್ಷಿವೀಕ್ಷಣೆಗೆ ಉಪಯೋಗವಾದೀತು.

70 ಮಿಲಿಮೀಟರ್: ಶನಿಯ ಬಳೆ ಕಾಣಲು ಇಷ್ಟು ಸಾಕು. 2025ರ ಮಾರ್ಚ್‌ನಲ್ಲಿ ಬಳೆಗಳ ಅಂಚು ನಮ್ಮತ್ತ ತಿರುಗಿ ಅವು ಗೆರೆಯಂತಾಗಿದ್ದವು. ಅಲ್ಲಿಂದೀಚೆಗೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿವೆ. ಶುಕ್ರನ ಕಲೆಗಳು, ಗುರುವಿನ ಎರಡು ಮುಖ್ಯ ಪಟ್ಟಿಗಳು ಕಾಣುತ್ತವೆ. ನಮ್ಮ ಮದುವೆಗಳಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯ ಜೊತೆಗಾರನಾದ ವಸಿಷ್ಠನನ್ನು ಇದರಲ್ಲಿ ನೋಡಬೇಕು. ಬರಿಗಣ್ಣಿಗೆ ಒಂದೇ ಆಗಿರುವ ಆತ ಸುಮಾರು 14 ವಿಕಲೆಗಳ ಅಂತರದಲ್ಲಿ ಎರಡು ನಕ್ಷತ್ರಗಳಾಗಿ ಒಡೆಯುತ್ತಾನೆ. ಮಂತ್ರದ ಹೊತ್ತಿನಲ್ಲಿ ಕಾಣದ ಈ ಸಂಗತಿಯನ್ನು ಮೊಮ್ಮಕ್ಕಳಿಗೆ ತೋರಿಸುವ ಸಂತೋಷ ಸಣ್ಣದಲ್ಲ.

130 ಮಿಲಿಮೀಟರ್: ಗುರುವಿನ ಪಟ್ಟಿಗಳ ಒಳವಿವರಗಳು, ಗಾಳಿ ಸ್ತಬ್ಧವಾಗಿದ್ದಾಗ ಅದರ ಕೆಂಪು ಮಚ್ಚೆ, ಬಳೆಗಳು ಚೆನ್ನಾಗಿ ತೆರೆದಿದ್ದಾಗ ಅವುಗಳ ನಡುವಿನ ಕ್ಯಾಸಿನಿ ಅಂತರ ಗೋಚರಿಸುತ್ತವೆ. 650 ಮಿಲಿಮೀಟರ್ ಸಂಗಮದೂರವಿರುವ ಗಿಡ್ಡ ಕೊಳವೆಯ, ಮೇಜಿನ ಮೇಲೆ ಇರಿಸಿ ಬಳಸುವ ಮಾದರಿಗಳು ಸಾಮಾನ್ಯವಾಗಿ ಏಳೆಂಟು ಕಿಲೋ ಮೀರುವುದಿಲ್ಲ. ಹೈಸ್ಕೂಲಿನ ಮಗುವೂ ಎತ್ತಿಕೊಂಡು ಲಿಫ್ಟಿನಲ್ಲಿ ಟೆರೇಸಿಗೆ ಹೋಗಬಹುದು.

150 ಮಿಲಿಮೀಟರ್: ಕತ್ತಲೆಯ ಸ್ಥಳದಲ್ಲಿ ಗೋಳಾಕಾರದ ನಕ್ಷತ್ರಗುಚ್ಛಗಳು ಮಸುಕು ಉಂಡೆಗಳಾಗಿ ಉಳಿಯದೆ ಬಿಡಿಬಿಡಿ ಚುಕ್ಕೆಗಳಾಗಿ ಒಡೆಯಲಾರಂಭಿಸುವುದು ಈ ಗಾತ್ರದಿಂದ. 1,200 ಮಿಲಿಮೀಟರ್ ಸಂಗಮದೂರದ ಮಾದರಿಯಾದರೆ ಕೊಳವೆ ನಾಲ್ಕು ಅಡಿಯಷ್ಟು ಉದ್ದವಿರುತ್ತದೆ. ಮನೆಯಲ್ಲಿ ಅದನ್ನು ಎಲ್ಲಿ ನಿಲ್ಲಿಸುವುದೆಂದು ಮೊದಲೇ ಯೋಚಿಸಬೇಕು.

200 ಮಿಲಿಮೀಟರ್: ಅನುಭವಿ ಹವ್ಯಾಸಿಗಳ ಅಚ್ಚುಮೆಚ್ಚಿನ ಗಾತ್ರ. ನೂರಾರು ಗೆಲಾಕ್ಸಿ, ನೀಹಾರಿಕೆಗಳು ಇದಕ್ಕೆ ಎಟುಕುತ್ತವೆ, ಆದರೆ ಕತ್ತಲೆ ದೊರೆತರೆ ಮಾತ್ರ. ಪೀಠವೂ ಸೇರಿ ತೂಕ 20 ಕಿಲೋ ಮೀರುತ್ತದೆ. ಸ್ವಂತ ಕಾರಿಲ್ಲದವರು, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿರುವವರು ಎರಡು ಬಾರಿ ಯೋಚಿಸುವುದು ಲೇಸು.

ಪೀಠವೂ ಅಷ್ಟೇ ಮುಖ್ಯ

ನಡುಗುವ ಮುಕ್ಕಾಲಿಯ ಮೇಲೆ ಒಳ್ಳೆಯ ಮಸೂರವೂ ವ್ಯರ್ಥ. ಭೂಮಿಯ ಆವರ್ತನೆಗೆ ಹೊಂದಿಕೊಂಡು ತಿರುಗುವ ಪೀಠಗಳನ್ನು ಧ್ರುವನಕ್ಷತ್ರದ ಕಡೆಗೆ ಗುರಿಯಿಟ್ಟು ನಿಲ್ಲಿಸಬೇಕು. ಠಾಣೆಯಲ್ಲಿ ಧ್ರುವ ಕ್ಷಿತಿಜದಿಂದ ಕೇವಲ 19 ಅಂಶ ಎತ್ತರದಲ್ಲಿದ್ದು, ಉತ್ತರ ದಿಕ್ಕಿನ ಕಟ್ಟಡಗಳ ಹಿಂದೆ ಅಡಗುವುದೇ ಹೆಚ್ಚು. ಅಮೆರಿಕದ ಜಾನ್ ಡಾಬ್ಸನ್ 1960ರ ದಶಕದಲ್ಲಿ ಬಳಕೆಗೆ ತಂದ ಸರಳ ಮರದ ಪೀಠ ಮೇಲೆ-ಕೆಳಗೆ, ಎಡ-ಬಲ ಮಾತ್ರ ಚಲಿಸುತ್ತದೆ; ಯಾವ ಗುರಿಯೂ ಬೇಡ, ವಿದ್ಯುತ್ತೂ ಬೇಡ. 'ಡಾಬ್ಸೋನಿಯನ್' ಎಂಬ ಹೆಸರಿನಲ್ಲಿ ಸಿಗುವ ಇದು ನಮ್ಮ ಟೆರೇಸುಗಳಿಗೆ ತಕ್ಕುದು.

ಊರಿಗೆ ಒಯ್ಯಬಹುದೇ?

ಕತ್ತಲೆಯನ್ನು ಹುಡುಕಿಕೊಂಡು ಹೋಗಲೇಬೇಕೆಂದರೆ ಎಲ್ಲಿಗೆ? ಮುಂಬಯಿಯ ಹವ್ಯಾಸಿಗಳ ಖಗೋಳ ಮಂಡಳ ದಶಕಗಳಿಂದ ಕರ್ಜತ್ ಮಾರ್ಗದ ವಾಂಗಣಿಯಲ್ಲಿ ರಾತ್ರಿಯಿಡೀ ಆಕಾಶವೀಕ್ಷಣೆಯ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ. ಠಾಣೆಯಿಂದ ಲೋಕಲ್ ರೈಲಿನಲ್ಲೇ ಅಲ್ಲಿಗೆ ತಲುಪಬಹುದು.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಉತ್ತಮವಾದ ಆಕಾಶವೊಂದಿದೆ. ಅದು ನಮ್ಮ ನಮ್ಮ ಊರಿನ ಆಕಾಶ. ಮೇ ರಜೆಗೋ ದೀಪಾವಳಿಗೋ ಊರಿಗೆ ಹೋಗುವ ಕುಟುಂಬಗಳ ಮನೆಯಂಗಳ, ತೋಟ, ಗದ್ದೆಯ ಬದು ಇಲ್ಲಿನ ಯಾವ ಟೆರೇಸಿಗಿಂತಲೂ ಕತ್ತಲಾಗಿರುತ್ತದೆ. ದಕ್ಷಿಣಕ್ಕೆ ಇಳಿದಂತೆ ದಕ್ಷಿಣದ ನಕ್ಷತ್ರಗಳೂ ಮೇಲೇರುತ್ತವೆ. ತ್ರಿಶಂಕುವಿನ ತಳದ ನಕ್ಷತ್ರ ಠಾಣೆಯಲ್ಲಿ ಹೆಚ್ಚೆಂದರೆ ಸುಮಾರು 8 ಅಂಶ ಏರಿದರೆ ಉಡುಪಿಯಲ್ಲಿ ಸುಮಾರು 13 ಅಂಶ ಏರುತ್ತದೆ. ಮೇ ತಿಂಗಳ ಮೋಡವಿಲ್ಲದ ರಾತ್ರಿ ಅದರ ಸಮೀಪದ ಆಲ್ಫಾ ಸೆಂಟಾರಿಯನ್ನು 70 ಮಿಲಿಮೀಟರಿನ ದೂರದರ್ಶಕವೇ ಎರಡು ಸೂರ್ಯರಾಗಿ ಬೇರ್ಪಡಿಸಿ ತೋರಿಸುತ್ತದೆ. ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛವೂ ಅದೇ ದಿಕ್ಕಿನಲ್ಲಿದೆ.

ಹೀಗಾಗಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಬರ್ತಿನ ಕೆಳಗೆ ಹಿಡಿಸುವುದೇ ಎಂಬುದೂ ಗಾತ್ರವನ್ನು ಅಳೆಯುವ ಒಂದು ಮಾನದಂಡ. 130 ಮಿಲಿಮೀಟರಿನ ಗಿಡ್ಡ ಕೊಳವೆ ಹಾಸಿಗೆಯ ಬಟ್ಟೆಯಲ್ಲಿ ಸುತ್ತಿದರೆ ಸಾಮಾನಿನ ಜೊತೆ ಸಾಗುತ್ತದೆ, 200ರದು ಸಾಗದು.

ಆರೈಕೆ ಮತ್ತು ಎಚ್ಚರಿಕೆ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಆಕಾಶ ಮುಚ್ಚಿರುತ್ತದೆ. ಆ ತಿಂಗಳುಗಳ ತೇವದಿಂದ ಮಸೂರ, ದರ್ಪಣಗಳಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿಡುವುದು, ಬಿಸಿಲು ಬಿದ್ದ ದಿನ ಕೋಣೆಯೊಳಗೆ ಗಾಳಿಯಾಡಿಸುವುದು ಅಗತ್ಯ. ದರ್ಪಣವನ್ನು ಬಟ್ಟೆಯಿಂದ ಉಜ್ಜಬಾರದು. ಹಗಲಿಡೀ ಕಾದ ಕಾಂಕ್ರೀಟಿನಿಂದ ರಾತ್ರಿ ಬಿಸಿಗಾಳಿ ಏಳುವುದರಿಂದ ಟೆರೇಸಿನಲ್ಲಿ ತಡರಾತ್ರಿಯ ವೀಕ್ಷಣೆ ಹೆಚ್ಚು ಸ್ಪಷ್ಟ. ಸೊಸೈಟಿಯ ಅನುಮತಿ ಪಡೆದು, ನೆರೆಯವರ ಮಕ್ಕಳನ್ನೂ ಕರೆದರೆ ತಕರಾರು ಬಾರದು.

ದೂರದರ್ಶಕದ ಮೂಲಕ ಸೂರ್ಯನನ್ನು ಎಂದಿಗೂ ನೋಡಕೂಡದು. ಕ್ಷಣಮಾತ್ರದಲ್ಲಿ ದೃಷ್ಟಿ ನಾಶವಾದೀತು. ಐಪೀಸಿಗೆ ತಿರುಪಿ ಜೋಡಿಸುವ ಕಪ್ಪು ಗಾಜು ಕಾವಿಗೆ ಸೀಳಬಹುದಾದುದರಿಂದ ಅದನ್ನು ಎಸೆದುಬಿಡುವುದೇ ಕ್ಷೇಮ. ಹಗಲಿನಲ್ಲಿ ಮಕ್ಕಳ ಕೈಗೆ ದೂರದರ್ಶಕ ಸಿಗದಂತೆ ಇರಿಸಬೇಕು.

ಕೊಳ್ಳುವ ಮುನ್ನ

ಹಣ ಕೊಡುವ ಮೊದಲು ಬೇರೆಯವರ ದೂರದರ್ಶಕದಲ್ಲಿ ಒಮ್ಮೆಯಾದರೂ ನೋಡಿರಿ. ವರ್ಲಿಯ ನೆಹರೂ ತಾರಾಲಯ 1977ರಿಂದಲೂ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಿಂದಲೂ ಜನಸಾಮಾನ್ಯರಿಗೆ ಆಕಾಶವನ್ನು ಪರಿಚಯಿಸುತ್ತ ಬಂದಿವೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. 1944ರಲ್ಲಿ ಹುಟ್ಟಿದ ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಈ ಹವ್ಯಾಸದ ಹಿರಿಯ ಸಂಸ್ಥೆ. ಚಿತ್ರಗಳಲ್ಲಿ ಕಾಣುವ ಬಣ್ಣಗಳು ಕಣ್ಣಿಗೆ ಕಾಣುವುದಿಲ್ಲವೆಂದು, ನೀಹಾರಿಕೆ ಬೂದುಬಣ್ಣದ ಮೋಡದಂತಿರುವುದೆಂದು ಮಗುವಿಗೆ ಮೊದಲೇ ತಿಳಿಸಿರಬೇಕು. ನಿರೀಕ್ಷೆ ಸರಿಯಾಗಿದ್ದರೆ ನಿರಾಶೆಗೆ ಎಡೆಯಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹತ್ತು ವರ್ಷದೊಳಗಿನ ಮಗುವಿಗೆ ಬೈನಾಕ್ಯುಲರ್ ಮತ್ತು ಒಂದು ನಕ್ಷತ್ರಪಟ ಸಾಕು. ಆಸಕ್ತಿ ಒಂದು ಚಳಿಗಾಲ ಪೂರ್ತಿ ಉಳಿದರೆ 130 ಮಿಲಿಮೀಟರಿನ ಡಾಬ್ಸೋನಿಯನ್ ನಗರದ ಕುಟುಂಬಕ್ಕೆ ಸರಿಯಾದ ಗಾತ್ರ. ಕಾರೂ ಕತ್ತಲೆಯ ಜಾಗವೂ ಇರುವವರಿಗೆ 150 ಅಥವಾ 200. ಎರಡು ಗಾತ್ರಗಳ ನಡುವೆ ಮನಸ್ಸು ತೂಗಾಡಿದರೆ, ವಾರಕ್ಕೊಮ್ಮೆ ಬೇಸರವಿಲ್ಲದೆ ಎತ್ತಿ ಟೆರೇಸಿಗೆ ಒಯ್ಯಬಲ್ಲುದು ಯಾವುದೋ ಅದನ್ನೇ ಆರಿಸಿಕೊಳ್ಳಿರಿ. ತಿಂಗಳಿಗೆ ನಾಲ್ಕು ಸಲ ಹೊರಬರುವ ಚಿಕ್ಕ ದೂರದರ್ಶಕ, ವರ್ಷಕ್ಕೊಮ್ಮೆ ಹೊರಬರುವ ದೊಡ್ಡದಕ್ಕಿಂತ ಹೆಚ್ಚಿನ ಆಕಾಶವನ್ನು ತೋರಿಸುತ್ತದೆ.