ಹಿತ್ತಲೂ ತಿಪ್ಪೆಗುಂಡಿಯೂ ನಡೆದುಬಂದ ದಾರಿ



ಸುಗ್ಗಿ ಮುಗಿಯುತ್ತಾ ಬಂತು. ರಾಗಿ ಮನೆ ಸೇರಿತು, ಹುಲ್ಲು ಮೆದೆ ಏರಿತು. ಹಿತ್ತಲಲ್ಲಿ ಚಪ್ಪರದ ಮೇಲಿನ ಹೀರೆ, ಸೋರೆ, ಪಡವಲ ಬಳ್ಳಿಗಳು ಕಾಯಿ ಬಿಡುವುದನ್ನು ನಿಲ್ಲಿಸಿ ಒಣಗಿ ನಿಂತಿವೆ. ಹೊಲದ ಕಡೆ ನೋಡಿದರೆ ಕೋಟೆ ಸೀಮೆಯಲ್ಲಿ ಹತ್ತಿಕಡ್ಡಿ, ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ದಂಟು, ಕೃಷ್ಣರಾಜನಗರದ ಕಡೆ ಕಬ್ಬಿನ ತರಗು. ಇದನ್ನೆಲ್ಲ ಏನು ಮಾಡೋದು? ಒಂದು ಬೆಂಕಿಕಡ್ಡಿ ಗೀರಿದರೆ ಸಂಜೆಯೊಳಗೆ ಎಲ್ಲವೂ ಚೊಕ್ಕಟ ಅಂತ ಅನೇಕರು ಹೇಳುತ್ತಾರೆ. ಆ ಕಡ್ಡಿ ಗೀರುವ ಮುಂಚೆ ಸ್ವಲ್ಪ ಹೊತ್ತು ಕೂತು ಒಂದು ಚರಿತ್ರೆ ಕೇಳಿ. ಇದು ರಾಜರ ಚರಿತ್ರೆ ಅಲ್ಲ, ನಮ್ಮ ಮನೆಯ ಹಿಂದಿನ ತಿಪ್ಪೆಗುಂಡಿಯ ಚರಿತ್ರೆ. ಒಲೆಯ ಮೇಲೆ ಕುದಿಯುವ ಸಾರು ಶುರುವಾಗುವುದು ಆ ಗುಂಡಿಯಲ್ಲೇ ಎಂಬುದನ್ನು ಈ ದಿವಸ ವಿಚಾರ ಮಾಡೋಣ.

ಹಿತ್ತಲ ವಿದ್ಯೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಸುಮಾರು ಸಾವಿರ ವರ್ಷದ ಕೆಳಗೆ, ಕ್ರಿ. ಶ. 1025ರ ಸುಮಾರಿನಲ್ಲಿ, ಚಾಳುಕ್ಯರ ಕಾಲದ ಎರಡನೆಯ ಚಾವುಂಡರಾಯ ಎಂಬಾತ 'ಲೋಕೋಪಕಾರ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ನೆಲದೊಳಗಿನ ನೀರನ್ನು ಹುಡುಕುವ ಬಗೆ, ಗಿಡಮರಗಳ ಆರೈಕೆ, ದನಕರುಗಳ ಔಷಧಿ, ಅಡಿಗೆಯ ಬಗೆ, ಇವೆಲ್ಲ ಆ ಒಂದೇ ಗ್ರಂಥದಲ್ಲಿವೆ. ಬಾವಿ, ಗಿಡ, ದನ, ಅಡಿಗೆಮನೆ ಎಂಬ ನಾಲ್ಕನ್ನೂ ಒಂದೇ ಕಡೆ ಸೇರಿಸಿದ್ದಾನೆ ನೋಡಿ. ರೈತನ ಮನೆಯಲ್ಲಿ ಈ ನಾಲ್ಕೂ ಬೇರೆ ಬೇರೆ ಅಲ್ಲ. ಒಂದರ ಉಳಿಕೆ ಇನ್ನೊಂದಕ್ಕೆ ಊಟ.

ಆದರೆ ಆ ಕಾಲದ ಹಿತ್ತಲಲ್ಲಿ ಮೆಣಸಿನಕಾಯಿ ಇರಲಿಲ್ಲ, ಟೊಮೇಟೋ ಇರಲಿಲ್ಲ, ಆಲೂಗಡ್ಡೆಯೂ ಇರಲಿಲ್ಲ ಅಂದರೆ ಆಶ್ಚರ್ಯಪಡುತ್ತೀರಿ. ಇವೆಲ್ಲ ಅಮೆರಿಕಾ ಖಂಡದ ಬೆಳೆಗಳು. ಪೋರ್ಚುಗೀಸರು 1498ರಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದ ಮೇಲೆ ಹಡಗಿನ ದಾರಿಯಲ್ಲಿ ಒಂದೊಂದಾಗಿ ಬಂದವು. ನಮ್ಮ ಹಿತ್ತಲು ಅದಕ್ಕೂ ಮೊದಲು ಬರಿದಾಗಿರಲಿಲ್ಲ. ಬದನೆ, ಅವರೆ, ಸೌತೆ, ಹೀರೆ, ಹಾಗಲ, ಸೋರೆ, ಬಸಳೆ, ನುಗ್ಗೆ ಮೊದಲಾದವು ಹಳೆಯ ಒಕ್ಕಲು. ಆಮೇಲೆ ಬಂದವುಗಳಲ್ಲಿ ಸೀಮೆಬದನೆಯೂ ಒಂದು. ಬೆಂಗಳೂರಿನ ಲಾಲ್‌ಬಾಗನ್ನು 1874ರಿಂದ 1908ರವರೆಗೆ ನೋಡಿಕೊಂಡ ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ ಅದು ಇಲ್ಲಿ ಹರಡಿತು. ತಮಿಳರೂ ತೆಲುಗರೂ ಅದನ್ನು ಇವತ್ತಿಗೂ ಬೆಂಗಳೂರು ಬದನೆಕಾಯಿ ಅಂತಲೇ ಕರೆಯುತ್ತಾರೆ. ಹೀಗೆ ಬಂದ ನೆಂಟನನ್ನೆಲ್ಲ ಸಾಕಿದ್ದು ಯಾವುದು ಅಂತೀರಾ? ತಿಪ್ಪೆಯ ಗೊಬ್ಬರ.

ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣ 1799ರಲ್ಲಿ ಬಿತ್ತಷ್ಟೆ. ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗೂ ಬಂದಿದ್ದ. ದಂಡುಗಳ ಹಾವಳಿಯಿಂದ ಪಾಳುಬಿದ್ದ ಊರುಗಳನ್ನೂ, ಅವುಗಳ ಮೇಲೆ ಕಾಡು ಏರಿ ಬಂದುದನ್ನೂ ಕಂಡ. ಹೋದಲ್ಲೆಲ್ಲ ರೈತರನ್ನು ಕೇಳಿ, ಯಾವ ಬೆಳೆಗೆ ಎಷ್ಟು ಉಳುಮೆ, ಯಾವ ಗೊಬ್ಬರ ಎಂದು ಬರೆದುಕೊಂಡ. ಎರಡು ಶತಮಾನದ ಹಿಂದೆಯೂ ನಮ್ಮವರ ಬೇಸಾಯದ ಲೆಕ್ಕದಲ್ಲಿ ಗೊಬ್ಬರಕ್ಕೆ ಸ್ಥಾನವಿತ್ತು. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ದೀಪ ಇಡುವ ಪದ್ಧತಿ ಅನೇಕ ಊರುಗಳಲ್ಲಿ ಉಂಟಲ್ಲ, ಅದು ಸುಮ್ಮನೆ ಬಂದದ್ದಲ್ಲ.

ಹಾಗಾದರೆ ನಮ್ಮ ತಿಪ್ಪೆಯಲ್ಲಿ ಕೊರತೆಯೇ ಇರಲಿಲ್ಲವೇ? ಇತ್ತು. ಸಗಣಿಯಲ್ಲಿ ಒಂದು ಪಾಲು ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. ಸಗಣಿಗಿಂತ ಹೆಚ್ಚು ಸಾರಜನಕವಿರುವ ಗಂಜಲ ಕೊಟ್ಟಿಗೆಯ ನೆಲದಲ್ಲೇ ಇಂಗುತ್ತಿತ್ತು. ಬಯಲಲ್ಲಿ ಗುಡ್ಡೆ ಹಾಕಿದ ಗೊಬ್ಬರ ಬಿಸಿಲಿಗೆ ಒಣಗಿ, ಮಳೆಗೆ ತೊಳೆದು, ಸತ್ವವೆಲ್ಲ ಕಳೆದುಕೊಂಡು ಹೊಲ ಸೇರುತ್ತಿತ್ತು. ತಿಪ್ಪೆಯ ಹತ್ತಿರ ಮೂಗಿಗೆ ಹೊಡೆಯುವ ಆ ಘಾಟು ಇದೆಯಲ್ಲ, ಅದು ಗಾಳಿಗೆ ಹಾರಿಹೋಗುತ್ತಿರುವ ನಮ್ಮ ಸಾರಜನಕವೇ.

ಈ ಕೊರತೆಯನ್ನು ತುಂಬುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1905ರಲ್ಲಿ ನಮ್ಮ ದೇಶಕ್ಕೆ ಬಂದರು. ಕಲಿಸುವುದಕ್ಕೆ ಬಂದವರು ಇಲ್ಲಿಯ ರೈತರನ್ನು ನೋಡಿ ತಾವೇ ಕಲಿತರು. ಚೀನಾ ದೇಶದ ರೈತರು ಕಸವನ್ನೆಲ್ಲ ಕೊಳೆಸಿ ಗೊಬ್ಬರ ಮಾಡುವ ಬಗೆಯನ್ನೂ ಓದಿ ತಿಳಿದುಕೊಂಡಿದ್ದರು. 1924ರಿಂದ 1931ರವರೆಗೆ ಇಂದೂರಿನಲ್ಲಿ ಯಶವಂತ ವಾಡ್ ಎಂಬವರ ಜೊತೆ ಕೆಲಸ ಮಾಡಿ ಒಂದು ಕ್ರಮವನ್ನು ಗೊತ್ತು ಮಾಡಿದರು. ಬೆಳೆಯ ಉಳಿಕೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ, ಇವನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಗಾಳಿಯಾಡುವಂತೆ ಆಗಾಗ ಮಗುಚುವುದು. ಇದೇ ಇಂದೂರು ಪದ್ಧತಿ. ಹೊಸ ಸರಕು ಅದರಲ್ಲಿ ಏನೂ ಇಲ್ಲ, ಎಲ್ಲವೂ ನಮ್ಮ ಕೊಟ್ಟಿಗೆಯದೇ. ಹೊಸದೇನಪ್ಪಾ ಅಂದರೆ ಬೆರೆಸುವ ಕ್ರಮ, ಹದ ತಪ್ಪದ ತೇವ, ಸಾಕಷ್ಟು ಗಾಳಿ.

ಇದಾದ ಮೇಲೆ ನಮ್ಮ ಬೆಂಗಳೂರಿನ ಸರದಿ. ಅಲ್ಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗದಲ್ಲಿ, ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇನ್ನೊಂದು ಕ್ರಮ ರೂಪಿಸಿದರು. ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿಬಿಡುವುದು, ಆಮೇಲೆ ಮಗುಚುವ ಗೋಜೇ ಇಲ್ಲ. ತೇವ ಒಳಗೇ ಉಳಿಯುತ್ತದೆ, ಸತ್ವವೂ ಉಳಿಯುತ್ತದೆ. ಸಮಯ ಮಾತ್ರ ಹೆಚ್ಚು ಬೇಕು. ಇದಕ್ಕೆ ಬೆಂಗಳೂರು ಪದ್ಧತಿ ಎಂದು ಹೆಸರಾಯಿತು. ಹೊರದೇಶಗಳ ಕೃಷಿ ಪುಸ್ತಕಗಳೂ ಆ ಹೆಸರಿನಿಂದಲೇ ಇದನ್ನು ಕರೆಯುತ್ತವೆ. ಹಳ್ಳಿಯ ಮನೆಯಲ್ಲಿ ಮಲದ ಬದಲು ಸಗಣಿ ಬಗ್ಗಡ ಹಾಕಿದರೆ ಸಾಕು. ತರಕಾರಿ ಮಡಿಗೆ ಮಲ ಸೇರಿಸತಕ್ಕದ್ದಲ್ಲ.

1942ರಲ್ಲಿ ಬರ್ಮಾ ದೇಶ ಜಪಾನಿನವರ ಕೈಸೇರಿ ಅಲ್ಲಿಯ ಅಕ್ಕಿ ಬರುವುದು ನಿಂತಿತು. 1943ರಲ್ಲಿ ಬಂಗಾಳದಲ್ಲಿ ಘೋರ ಕ್ಷಾಮ ಬಂತು. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಚಳವಳಿ ಹುಟ್ಟಿದ್ದು ಆಗಲೇ. ಗೊಬ್ಬರದ ಗುಂಡಿಯ ಮಾತು ಸಂಶೋಧನೆಯ ಕೋಣೆಯಿಂದ ಊರಿನ ಚಾವಡಿಗೆ ಬಂತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಗ್ರಾಮಸೇವಕರು ಬಂದ ಮೇಲೆ, ಗುಂಡಿ ತೋಡುವುದೂ ಕೈತೋಟ ಹಾಕುವುದೂ ಅವರ ಕೆಲಸದ ಪಟ್ಟಿಯಲ್ಲಿ ಸೇರಿದವು.

ಇಷ್ಟೆಲ್ಲ ಆದ ಮೇಲೂ ನಮ್ಮ ಗುಂಡಿಗಳು ಏಕೆ ಬರಿದಾದವು? ಇದು ನಮ್ಮ ಸೀಮೆಯದೇ ಕಥೆ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಕೆಳಗಿನವರಿಗೆ ನೀರು ಬಂತು, ಮೇಲಿನ ಹಲವು ಊರುಗಳು ಮುಳುಗಿದವು. ಎದ್ದು ಬಂದವರು ಮನೆಯನ್ನು ಮತ್ತೆ ಕಟ್ಟಿಕೊಂಡರು. ಆದರೆ ಮೂರು ತಲೆಮಾರು ಗೊಬ್ಬರ ಉಂಡ ಹಿತ್ತಲ ಮಣ್ಣನ್ನು ಗಾಡಿಯಲ್ಲಿ ಹೇರಿ ತರಲಾಗುತ್ತದೆಯೇ? ಅದನ್ನು ಹೊಸ ಜಾಗದಲ್ಲಿ ಮೊದಲಿಂದ ಮಾಡಬೇಕು, ವರ್ಷ ವರ್ಷವೂ ಮಾಡಬೇಕು. ಇನ್ನೊಂದು ಕಡೆ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಹತ್ತಿ ಬಂತು, ಹೊಗೆಸೊಪ್ಪು ಬಂತು. ಟ್ರಾಕ್ಟರು ಬಂದು ಎತ್ತು ಹೋದವು. ಎತ್ತು ಹೋದ ಮೇಲೆ ಸಗಣಿ ಎಲ್ಲಿಂದ ಬರಬೇಕು? ಹೊಲದಲ್ಲಿ ದುಡ್ಡು ಬೆಳೆದೆವು, ಸಂತೆಯಲ್ಲಿ ಸೊಪ್ಪು ಕೊಂಡೆವು. ಬೆಲೆ ಬಿದ್ದ ವರ್ಷ ಸೊಪ್ಪು ಕೊಳ್ಳುವ ಕಾಸಿಗೂ ಕೈ ಬಿಗಿಯಾಯಿತು. ಆಗ ಮೊದಲು ಬರಿದಾಗುವುದು ಮಕ್ಕಳ ತಟ್ಟೆ ಎಂಬುದನ್ನು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಈ ಸುಗ್ಗಿಯಲ್ಲಿ ಬೆಂಕಿ ಬೇಡ, ಗುಂಡಿ ತೋಡಿ. ಆರು ಅಡಿ ಅಗಲ, ಮೂರು ಅಡಿ ಆಳ, ಹತ್ತು ಹನ್ನೆರಡು ಅಡಿ ಉದ್ದ ಒಂದು ಸಂಸಾರಕ್ಕೆ ಸಾಕು. ನೀರು ನಿಲ್ಲದ ಎತ್ತರದ ಜಾಗ, ಹತ್ತಿರದಲ್ಲಿ ಮರದ ನೆರಳು ಇದ್ದರೆ ಒಳ್ಳೆಯದು. ಬಾವಿಯಿಂದ ದೂರವಿರಲಿ. ಒಣಕಲು ಕಸವನ್ನು ಗೇಣುದ್ದ ಕಡಿದು ಅರ್ಧ ಅಡಿ ಹಾಸಿ. ಅದರ ಮೇಲೆ ಹಸಿಸೊಪ್ಪು, ಅಂದರೆ ಹೊಂಗೆಯೋ ಗ್ಲಿರಿಸಿಡಿಯಾವೋ ಹೂ ಬಿಡದ ಕಳೆಯೋ ಆಗಬಹುದು. ಸಗಣಿ ಬಗ್ಗಡ ಎರಚಿ, ಕೊಟ್ಟಿಗೆಯ ಗಂಜಲದ ಮಣ್ಣನ್ನೂ ಒಂದು ಹಿಡಿ ಬೂದಿಯನ್ನೂ ಉದುರಿಸಿ. ಎರಡು ಮೂರು ಮಂಕರಿ ಒಣಗಿದ್ದಕ್ಕೆ ಒಂದು ಮಂಕರಿ ಹಸಿಯದು ಎಂಬ ಲೆಕ್ಕ ನೆನಪಿರಲಿ. ಒಂದು ಹಸುವಿನ ಸಗಣಿಯೇ ಇದ್ದರೂ ಬಗ್ಗಡ ಮಾಡಿದರೆ ದೂರ ಬರುತ್ತದೆ. ಹೀಗೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಬರುವ ತನಕ ತುಂಬಿ.

ಮುಂದೆ ಎರಡು ದಾರಿ ಉಂಟು. ನೀರೂ ಕೈಯಾಳೂ ಇದ್ದರೆ ಇಂದೂರು ದಾರಿ ಹಿಡಿಯಿರಿ. ಹದಿನೈದನೆಯ ದಿನ, ತಿಂಗಳಿಗೆ, ಮತ್ತೆ ಎರಡು ತಿಂಗಳಿಗೆ, ಹೀಗೆ ಮೂರು ಸಲ ನೀರು ಚಿಮುಕಿಸಿ ಮಗುಚಿದರೆ ಸಂಕ್ರಾಂತಿಗೆ ತುಂಬಿದ ಗುಂಡಿ ಮುಂಗಾರಿನ ಹೊತ್ತಿಗೆ ಸಿದ್ಧ. ನಮ್ಮ ಕಡೆ ಮಾಘ ಫಾಲ್ಗುಣದಲ್ಲಿ ಕುಡಿಯುವ ನೀರಿಗೇ ಕಷ್ಟ ಅನ್ನುವವರು ಬೆಂಗಳೂರು ದಾರಿ ಹಿಡಿಯಿರಿ. ತುಂಬುವಾಗಲೇ ಚೆನ್ನಾಗಿ ನೆನೆಸಿ, ಮೇಲೆ ಮಣ್ಣು ಮೆತ್ತಿ ಬಿಟ್ಟರೆ ಆರರಿಂದ ಎಂಟು ತಿಂಗಳು. ಗೌರಿಹಬ್ಬದ ಹೊತ್ತಿಗೆ ತೆಗೆದು ಹಿಂಗಾರಿನ ತರಕಾರಿಗೆ ಹಾಕಬಹುದು. ಕೈಯಲ್ಲಿ ಹಿಡಿದರೆ ಪುಡಿಯಾಗಿ, ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಹದಕ್ಕೆ ಬಂದಿದೆ ಎಂದು ತಿಳಿಯಿರಿ.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಹತ್ತಿಕಡ್ಡಿಯನ್ನು ಸೌದೆಗೆಂದು ಮುಂದಿನ ಬಿತ್ತನೆಯ ತನಕ ಒಟ್ಟಿಡಬೇಡಿ. ಉಳಿದ ಕಾಯಿಗಳೊಳಗೆ ಗುಲಾಬಿ ಕಾಯಿಕೊರಕದ ಹುಳು ಅಡಗಿ ಕೂತಿರುತ್ತದೆ. ಕೂಡಲೇ ಕಡಿದು ಗುಂಡಿಗೆ ಹಾಕಿದರೆ ಒಳಗಿನ ಕಾವಿಗೆ ಅದು ಸಾಯುತ್ತದೆ.

ಎರಡನೆಯದು ಹೊಗೆಸೊಪ್ಪಿನ ಮಾತು. ಇದನ್ನು ಮನೆಯವರೆಲ್ಲ ಕೇಳಿಕೊಳ್ಳಿ. ಹೊಗೆಸೊಪ್ಪಿನ ಎಲೆಯ ಮೇಲೆ ತಿಳಿಹಸಿರು ಕಡುಹಸಿರು ಮಚ್ಚೆ ಬರುವ ರೋಗ ಒಂದುಂಟು, ಮೊಸಾಯಿಕ್ ಅಂತ. ವೈರಸ್ ಎಂಬ ವಸ್ತು ಲೋಕಕ್ಕೆ ಮೊದಲು ಗೊತ್ತಾದದ್ದೇ ಇದರಿಂದ. 1892ರಲ್ಲಿ ರಷ್ಯಾದ ಐವನೊವ್‌ಸ್ಕಿ, 1898ರಲ್ಲಿ ಹಾಲೆಂಡಿನ ಬೈಯರಿಂಕ್ ಇದನ್ನು ಪರೀಕ್ಷಿಸಿದರು. ಈ ವೈರಸ್ ಬಲು ಗಟ್ಟಿ ಜೀವ. ಗುಂಡಿಯ ಕಾವು ಸುಮಾರು 60 ಡಿಗ್ರಿಗೆ ಏರಿದರೆ ಇದು ಸಾಯಲು 90 ಡಿಗ್ರಿ ದಾಟಬೇಕು. ಒಣ ದಂಟಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಟೊಮೇಟೋ ಮತ್ತು ಮೆಣಸಿನಗಿಡ ಹೊಗೆಸೊಪ್ಪಿನ ದಾಯಾದಿಗಳೇ, ಅವಕ್ಕೂ ರೋಗ ತಗಲುತ್ತದೆ. ಆದ್ದರಿಂದ ಹೊಗೆಸೊಪ್ಪಿನ ದಂಟಿಗೆ ಬೇರೆ ಗುಂಡಿ ಮಾಡಿ, ಆ ಗೊಬ್ಬರವನ್ನು ರಾಗಿ ಅಥವಾ ಮುಸುಕಿನ ಜೋಳವನ್ನೇ ಬೆಳೆಯುವ ಹೊಲಕ್ಕೆ ಹೊಡೆಯಿರಿ, ಹಿತ್ತಲಿಗೆ ಬೇಡ. ಹೊಗೆಸೊಪ್ಪು ಮುಟ್ಟಿದ ಕೈ, ಬೀಡಿ ಸೇದಿದ ಕೈ, ಸೋಪು ಹಾಕಿ ತೊಳೆಯದೆ ಸಸಿ ಮುಟ್ಟಬಾರದು.

ಇನ್ನು ಹಿತ್ತಲು. ಬಳ್ಳಿಯಲ್ಲಿ ಬಲಿತು ಉಳಿದ ಹೀರೆ, ಸೋರೆಗಳನ್ನು ಬಿಸಾಡಬೇಡಿ, ಒಣಗಿಸಿ ಬೀಜಕ್ಕೆ ಇಡಿ. ಸೌತೆ, ಕುಂಬಳದ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುತ್ತಿದ್ದ ಅಜ್ಜಿಯರ ಉಪಾಯ ಇವತ್ತಿಗೂ ನಡೆಯುತ್ತದೆ. ಹೈಬ್ರಿಡ್ ತಳಿಯಾದರೆ ಅದರ ಬೀಜ ತಾಯಿಯಂತೆ ಬರುವುದಿಲ್ಲ, ನಾಟಿ ತಳಿಯದನ್ನೇ ಹಿಡಿಯಿರಿ. ಬಚ್ಚಲ ನೀರು ಹರಿಯುವ ಕಡೆ ನುಗ್ಗೆ, ಕರಿಬೇವು ಇರಲಿ. ನಿತ್ಯ ಕೊಯ್ಯುವ ದಂಟು, ಬಸಳೆಗೆ ಬಾಗಿಲ ಹತ್ತಿರ ಎರಡು ಮಡಿ ಸಾಕು. ಎನ್. ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ ಮನೆಯ ಹಿಂದೆ ಬಾಳೆ, ಹಲಸು, ಕಬ್ಬು ಬೇಡ, ಆನೆಗೆ ನಾವೇ ಓಲೆ ಬರೆದಂತೆ ಆದೀತು. ಸೊಪ್ಪು, ಮೆಣಸಿನಕಾಯಿ, ಬದನೆ ಅಲ್ಲಿಗೆ ವಾಸಿ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ. ಹತ್ತಿರ ಇದ್ದದ್ದರ ಬೆಲೆ ನಮಗೆ ಕಾಣುವುದಿಲ್ಲ ಎಂದು ಅದರ ಅರ್ಥ. ಗುಂಡಿಯ ಮಾತೂ ಹಾಗೆಯೇ. ನಮ್ಮ ರೈತರ ಕೊಟ್ಟಿಗೆಯಲ್ಲಿದ್ದುದನ್ನೇ ನೋಡಿ ಇಂದೂರಿನವರು ಕ್ರಮ ಕಟ್ಟಿದರು, ಬೆಂಗಳೂರಿನ ಹೆಸರು ಲೋಕಕ್ಕೆಲ್ಲ ಹೋಯಿತು. ಆ ಬೆಂಗಳೂರಿಗೆ ಒಂದು ದಿನದ ಹಾದಿಯಲ್ಲಿ ಇರುವ ನಾವು ಹೊಲಕ್ಕೆ ಬೆಂಕಿ ಇಡುವುದು ಸರಿಯೇ, ನೀವೇ ಹೇಳಿ. ಈ ವಾರ ಗುದ್ದಲಿ ಹಿಡಿದು ಗುಂಡಿಗೆ ಗುರುತು ಹಾಕಿ. ಆಳು ಸಾಲದಿದ್ದರೆ ಅಕ್ಕಪಕ್ಕದ ಎರಡು ಮನೆಯವರು ಮುಯ್ಯಿ ಆಳಾಗಿ ಸೇರಿಕೊಳ್ಳಿ. ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಕೂತು ಮಾತಾಡೋಣ.