ಒಸಡು ಕೊಯ್ದ ಕಾಲ

1841ರ ಫೆಬ್ರುವರಿಯಲ್ಲಿ ಲಂಡನ್ನಿನ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ಒಬ್ಬ ತಂದೆಯ ಪತ್ರವನ್ನು ಅಚ್ಚುಹಾಕಿತು. ಬರೆದವರು ಟನ್‌ಬ್ರಿಜ್ ಊರಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್. ನಾಲ್ಕು ತಿಂಗಳವರೆಗೆ ಚೆನ್ನಾಗಿದ್ದ ಅವರ ಗಂಡುಕೂಸು ಆಮೇಲೆ ದಿನಕ್ಕೆ ಹಲವು ಸಲ ತಲೆಯನ್ನು ಮೊಣಕಾಲಿನತ್ತ ಬಾಗಿಸಿ ಸೆಳವಿಗೆ ಸಿಲುಕತೊಡಗಿತ್ತು. ತಾನು ಮಾಡಿದ ಚಿಕಿತ್ಸೆಯನ್ನೆಲ್ಲ ವೆಸ್ಟ್ ಮುಚ್ಚಿಡದೆ ಬರೆದರು: ತಲೆಗೆ ಜಿಗಣೆ, ತಣ್ಣನೆಯ ಪಟ್ಟಿ, ಪಾದರಸದ ಕ್ಯಾಲೊಮೆಲ್ ಕೊಟ್ಟು ಭೇದಿ, ಬಿಸಿನೀರಿನ ಸ್ನಾನ, ಅಫೀಮು. ಇವುಗಳ ನಡುವೆ ಇನ್ನೊಂದೂ ಇತ್ತು. ಮಗುವಿನ ಒಸಡು ಕೊಯ್ದಿದ್ದರು. ಯಾವುದೂ ಫಲಿಸಲಿಲ್ಲ. ಆ ಬಗೆಯ ಸೆಳವನ್ನು ವೈದ್ಯರು ಇಂದಿಗೂ ವೆಸ್ಟರ ಹೆಸರಿನಿಂದಲೂ ಗುರುತಿಸುತ್ತಾರೆ.

ಒಸಡು ಕೊಯ್ಯುವುದು ದಿಕ್ಕು ತೋಚದ ತಂದೆಯೊಬ್ಬ ಹುಡುಕಿಕೊಂಡ ದಾರಿಯಲ್ಲ. ಹಲ್ಲು ಮೂಡುವುದೇ ಕೂಸುಗಳ ಸೆಳವಿಗೂ ಸಾವಿಗೂ ಕಾರಣವೆಂದು ನಂಬಿದ್ದ ಆ ಕಾಲದ ಯುರೋಪಿನಲ್ಲಿ ಅದು ಮಾನ್ಯವಾದ ಚಿಕಿತ್ಸೆ. ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ, ಹಲ್ಲು ಮೂಡುವ ಮುನ್ನ ಎಂಟು ತಿಂಗಳಿಗೇ ತೀರಿಕೊಂಡ ನೆವೇರ್ ಡ್ಯೂಕನ ಮಗುವಿನ ಒಸಡನ್ನು ಸಾವಿನ ನಂತರ ಸೀಳಿ ನೋಡಿದರು. ಒಳಗೆ ಹಲ್ಲುಗಳು ಸಿದ್ಧವಾಗಿ ಕೂತಿದ್ದವು. ಮೊದಲೇ ಕೊಯ್ದಿದ್ದರೆ ಮಗು ಬದುಕುತ್ತಿತ್ತು ಎಂದು ಅವರು ತೀರ್ಮಾನಿಸಿದರು. ಹದಿನೆಂಟನೆಯ ಶತಮಾನದಲ್ಲಿ ಜಾನ್ ಹಂಟರ್ ಅವರಂಥ ದೊಡ್ಡ ಶಸ್ತ್ರವೈದ್ಯರೂ ಅದನ್ನೇ ಎತ್ತಿಹಿಡಿದು, ಒಂದೇ ಹಲ್ಲಿನ ಮೇಲೆ ಹತ್ತಕ್ಕೂ ಹೆಚ್ಚು ಸಲ ಕತ್ತಿ ಆಡಿಸಿದ್ದುಂಟು. ನರಗಳ ಶಾಸ್ತ್ರದಲ್ಲಿ ಹೆಸರಾದ ಮಾರ್ಷಲ್ ಹಾಲ್ ಅವರಂತೂ, ಅಗತ್ಯವಿದ್ದಾಗ ಒಮ್ಮೆ ಬಿಡುವುದಕ್ಕಿಂತ ಅಗತ್ಯವಿಲ್ಲದೆ 199 ಸಲ ಕೊಯ್ಯುವುದೇ ಲೇಸೆಂದು ಸಾರಿದರು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರಿಂದ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾಯಿತು. 1839ರ ಒಂದೇ ವರ್ಷದಲ್ಲಿ 5,016 ಸಾವುಗಳ ಮುಂದೆ ಬರೆದ ಕಾರಣ ‘ಹಲ್ಲು ಬರುವುದು’. ಸೆಳವು ಬಂದು ತೀರಿಕೊಂಡದ್ದು, ಜ್ವರದಲ್ಲಿ ತೀರಿಕೊಂಡದ್ದು, ಭೇದಿಯಲ್ಲಿ ಬತ್ತಿಹೋದದ್ದು ಎಲ್ಲವೂ ಆ ಒಂದು ಸಾಲಿನಲ್ಲಿ ಕಲೆತುಹೋಗಿವೆ. ಅಷ್ಟು ಕೂಸುಗಳ ನಿಜವಾದ ಕಾಯಿಲೆ ಏನಿತ್ತೆಂಬುದನ್ನು ಇನ್ನು ಯಾರೂ ಬಿಡಿಸಿ ಹೇಳಲಾರರು.

ಹಲ್ಲಿನಿಂದಲೇ ಕಾಯಿಲೆ ಎಂಬ ಈ ನಂಬಿಕೆಗೆ ಒಂದು ಆಧಾರ ಇತ್ತು, ಅದು ಮಗುವಿನ ವಯಸ್ಸು. ಜ್ವರದ ಸೆಳವು ಬರುವುದು ಬಹುಪಾಲು ಆರು ತಿಂಗಳಿಂದ ಐದು ವರ್ಷದೊಳಗೆ. ಹಲ್ಲು ಮೂಡತೊಡಗುವುದೂ ಆರು ತಿಂಗಳ ಆಸುಪಾಸಿನಲ್ಲಿ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣದ ದಾಸ್ತಾನು ಕರಗುವುದೂ, ಎದೆಹಾಲೊಂದೇ ಸಾಲದಾಗುವುದೂ, ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಸೋಂಕು ತಗಲಿಸಿಕೊಳ್ಳುವುದೂ ಆಗಲೇ. ಇಷ್ಟರಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಹಲ್ಲು ಮಾತ್ರ. ಭಾರತದಲ್ಲೂ ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ ಹಲ್ಲು ಹುಟ್ಟುವುದನ್ನು ಮಗುವಿನ ಎಲ್ಲ ರೋಗಗಳಿಗೂ ಕಾರಣವೆಂದು ಬಗೆಯಿತು. ಆದರೆ ಈ ರೋಗಗಳು ಹಲ್ಲು ಬಂದ ಮೇಲೆ ತಾವಾಗಿ ಇಳಿಯುತ್ತವೆ, ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬೇಡಿ ಎಂದೂ ಅದೇ ಗ್ರಂಥ ಹೇಳಿತು. ಕಾರಣದ ವಿಷಯದಲ್ಲಿ ವಾಗ್ಭಟನೂ ಹಾಲ್ ಅವರೂ ಒಂದೇ ಕಡೆ ಎಡವಿದರು. ಮಗುವಿನ ಮೈಗೆ ಕೈ ಹಚ್ಚುವ ವಿಷಯದಲ್ಲಿ ವಾಗ್ಭಟನ ವಿವೇಕವೇ ದೊಡ್ಡದು.

ಕತ್ತಿ ಹಿಂದೆ ಸರಿದರೂ ಪುಡಿ ಉಳಿಯಿತು. ಇಂಗ್ಲೆಂಡಿನ ಮನೆಮನೆಗಳಲ್ಲಿ ಹಲ್ಲು ಬರುವ ಕೂಸುಗಳಿಗೆಂದು ಬಳಕೆಯಲ್ಲಿದ್ದ ಪುಡಿಗಳಲ್ಲಿ ಕ್ಯಾಲೊಮೆಲ್ ಇರುತ್ತಿತ್ತು. ಕೈಕಾಲು ಕೆಂಪೇರಿ, ನೋವಿನಿಂದ ನರಳಿ, ಊಟ ನಿದ್ದೆ ಬಿಟ್ಟು ಕೃಶವಾಗುವ ‘ಪಿಂಕ್ ಡಿಸೀಸ್’ಗೆ ಪಾದರಸವೇ ಮೂಲವೆಂದು 1940ರ ದಶಕದಲ್ಲಿ ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಅವರ ಸಂಗಡಿಗರು ಮಕ್ಕಳ ಮೂತ್ರ ಪರೀಕ್ಷೆಯಿಂದ ಕಂಡುಕೊಂಡರು. 1954ರಲ್ಲಿ ಬ್ರಿಟನ್ನಿನ ಪುಡಿಗಳಿಂದ ಪಾದರಸ ಹೊರಬಿದ್ದ ಮೇಲೆ ಆ ಕಾಯಿಲೆ ಬಹುಬೇಗ ಅಪರೂಪವಾಯಿತು.

ಸೆಳವಿಗೆ ಕಾರಣ ಹುಡುಕುತ್ತ ಬಾಯಿಯನ್ನು ಬಿಟ್ಟು ಬಟ್ಟಲನ್ನು ನೋಡಿದವರು ಮಕ್ಕಳಾಸ್ಪತ್ರೆಗಳ ವೈದ್ಯರು. 1867ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ, ಸೆಳವು ಬಂದ ಮಕ್ಕಳಲ್ಲಿ ಮೂಳೆ ಮೆತ್ತಗಾಗುವ ರಿಕೆಟ್ಸ್ ಎಷ್ಟು ಸಾಮಾನ್ಯವೆಂದು ತೋರಿಸಿದರು. ಅವರು ಕಂಡದ್ದು ಹೊಗೆ ಕವಿದ ನಗರದ ಮಕ್ಕಳನ್ನು. ಬಿಸಿಲಿಲ್ಲ, ಬಟ್ಟಲಲ್ಲಿ ಇದ್ದದ್ದು ನೀರಿಗೆ ಕದಡಿದ ಬ್ರೆಡ್ಡು. 1880ರ ದಶಕದ ಕೊನೆಗೆ ಲಂಡನ್ ಮೃಗಾಲಯದ ಸಿಂಹದ ಮರಿಗಳೂ ರಿಕೆಟ್ಸ್‌ನಿಂದ ಸಾಯುತ್ತಿದ್ದವು. ಅವುಗಳಿಗೆ ಸಿಗುತ್ತಿದ್ದದ್ದು ಕೊಬ್ಬಿಲ್ಲದ ಕುದುರೆ ಮಾಂಸ. ಶಸ್ತ್ರವೈದ್ಯ ಜಾನ್ ಬ್ಲಾಂಡ್‌–ಸಟನ್ ಹೇಳಿದಂತೆ ಪುಡಿ ಮಾಡಿದ ಎಲುಬು, ಹಾಲು, ಕಾಡ್ ಮೀನಿನ ಎಣ್ಣೆ ಕೊಟ್ಟರು. ಕೆಲವೇ ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ಆ ಎಣ್ಣೆಯಲ್ಲಿದ್ದದ್ದು ಏನೆಂದು ತಿಳಿಯಲು ಮತ್ತೆ ಮೂವತ್ತು ವರ್ಷ ಹಿಡಿಯಿತು: 1919ರ ಹೊತ್ತಿಗೆ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗ, 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಂ ಗುರುತಿಸಿದ ವಿಟಮಿನ್ ಡಿ. ಸೆಳವಿನ ಕೊಂಡಿಯನ್ನು 1918ರಲ್ಲೇ ಬಾಲ್ಟಿಮೋರಿನ ಜಾನ್ ಹೌಲೆಂಡ್ ಮತ್ತು ಮ್ಯಾರಿಯಟ್ ಹಿಡಿದಿದ್ದರು. ಟೆಟನಿ ಎಂಬ ಸೆಡೆತದಿಂದ ನರಳುವ ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿತ್ತು. ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸಾಕಷ್ಟು ಹೀರದು. ರಕ್ತದಲ್ಲಿ ಅದು ಇಳಿದರೆ ನರಗಳು ಸಣ್ಣ ನೆಪಕ್ಕೂ ಕೆರಳುತ್ತವೆ. ಜ್ವರ ಅಂಥ ನೆಪವಾಗಬಲ್ಲದು.

ಅಮೆರಿಕದಲ್ಲಿ 1950ರ ದಶಕದ ಆರಂಭದಲ್ಲಿ ನಡೆದದ್ದು ಇನ್ನೂ ನೇರ. ಒಂದು ಬಗೆಯ ದ್ರವರೂಪದ ಡಬ್ಬಿ ಹಾಲು ಕುಡಿದ ಎಳೆಗೂಸುಗಳು ಜ್ವರವೇ ಇಲ್ಲದೆ ಸೆಳವು ಬಂದು ಆಸ್ಪತ್ರೆ ಸೇರತೊಡಗಿದವು. ಹಾಲು ಕೆಡದಿರಲೆಂದು ಜೋರಾಗಿ ಕಾಯಿಸುವಾಗ ವಿಟಮಿನ್ ಬಿ6 ನಾಶವಾಗುತ್ತಿತ್ತು. ಮಿದುಳನ್ನು ಶಾಂತವಾಗಿಡುವ ‘ಗಾಬಾ’ ರಾಸಾಯನಿಕ ತಯಾರಾಗಲು ಅದು ಬೇಕೇಬೇಕು. ಬಿ6 ಕೊಟ್ಟಾಗ ಸೆಳವು ನಿಂತಿತು. 1954ರಲ್ಲಿ ಪೆನ್ಸಿಲ್ವೇನಿಯಾದ ಡೇವಿಡ್ ಕೌರ್ಸಿನ್ ಇದನ್ನು ವಿವರವಾಗಿ ವರದಿ ಮಾಡಿದರು.

ಇವೆಲ್ಲವನ್ನೂ ಒಂದೊಂದಾಗಿ ಬೇರ್ಪಡಿಸಿದ ಮೇಲೂ, ಆರೋಗ್ಯವಾಗಿದ್ದು ಬರೀ ಜ್ವರ ಏರಿದಾಗ ಸೆಳವು ಬರುವ ಮಕ್ಕಳು ಉಳಿದರು; ನೂರಕ್ಕೆ ಎರಡರಿಂದ ಐದು ಮಕ್ಕಳು. ಇವರಿಗೆ ಮುಂದೆ ಅಪಸ್ಮಾರ ಬಂದೀತೆಂಬ ಭಯದಿಂದ ವೈದ್ಯರು ವರ್ಷಗಟ್ಟಲೆ ಸೆಳವು ತಡೆಯುವ ಫಿನೊಬಾರ್ಬಿಟಾಲ್ ಔಷಧಿ ಕುಡಿಸಿದರು. ಕರಿನ್ ನೆಲ್ಸನ್ ಮತ್ತು ಜೊನಾಸ್ ಎಲೆನ್‌ಬರ್ಗ್ 1,706 ಮಕ್ಕಳನ್ನು ಏಳು ವರ್ಷದವರೆಗೆ ಹಿಂಬಾಲಿಸಿ, ಅಪಸ್ಮಾರ ಕಂಡದ್ದು ನೂರಕ್ಕೆ ಸುಮಾರು ಇಬ್ಬರಲ್ಲಿ ಮಾತ್ರ ಎಂದು 1976ರಲ್ಲಿ ತೋರಿಸಿದರು. 1990ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷ ಆ ಔಷಧಿಗೆ ನಿಗದಿಯಾದ ಮಕ್ಕಳ ಬುದ್ಧಿಮಾಪನ ಸರಾಸರಿ 8.4 ಅಂಕ ಕೆಳಗಿತ್ತು, ಸೆಳವೂ ಕಡಿಮೆಯಾಗಿರಲಿಲ್ಲ.

ಆಮೇಲೆ ಕಬ್ಬಿಣದ ಸರದಿ ಬಂತು. 1996ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಎರಡು ವರ್ಷದೊಳಗಿನ ಮಕ್ಕಳನ್ನು ನೋಡಿದಾಗ, ಜ್ವರದ ಸೆಳವು ಬಂದವರಲ್ಲಿ ಶೇ 30ರಷ್ಟು ಮಂದಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಇತ್ತು. ಸೆಳವಿಲ್ಲದೆ ಆಸ್ಪತ್ರೆ ಸೇರಿದವರಲ್ಲಿ ಅದು ಶೇ 14. ಕೆನಡಾದ ಎಡ್ಮಂಟನ್ನಿನಲ್ಲಿ 2009ರಲ್ಲಿ ಕಬ್ಬಿಣದ ಕೊರತೆ ಇದೇ ಕ್ರಮದಲ್ಲಿ ಶೇ 9 ಮತ್ತು 5. ಕೇರಳದ 2012ರ ಅಧ್ಯಯನದಲ್ಲಿ ಸುಮಾರು ಶೇ 64 ಮತ್ತು 25. ಆದರೆ 1995ರ ಒಂದು ಅಧ್ಯಯನ ಇದಕ್ಕೆ ತದ್ವಿರುದ್ಧವಾಗಿ, ಕಬ್ಬಿಣದ ಕೊರತೆಯೇ ಸೆಳವಿನಿಂದ ಕಾಪಾಡಬಹುದೇನೋ ಎಂದಿತ್ತು. ಜತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲವೆಂದು ಹಲ್ಲಿನ ವಿಷಯದಲ್ಲಿ ಕಲಿತ ವೈದ್ಯಲೋಕ ಕಬ್ಬಿಣದ ವಿಷಯದಲ್ಲೂ ಅದೇ ಎಚ್ಚರ ವಹಿಸಬೇಕು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನರು. ರಾಗಿಯಲ್ಲಿ ಅಕ್ಕಿಗಿಂತ ಹೆಚ್ಚು ಕಬ್ಬಿಣವಿದ್ದರೂ ಅದರ ಫೈಟೇಟ್ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದಾಗ ಆ ಹಿಡಿತ ಸಡಿಲುತ್ತದೆ. ಅಜ್ಜಿಯಂದಿರು ಕೂಸಿಗೆ ಕಾಯಿಸುತ್ತಿದ್ದ ರಾಗಿ ಸರಿಯ ಹಿಟ್ಟು ಇದೇ. ಹಳೆಯ ರೂಢಿಗಳಲ್ಲಿ ಸೆಳವು ಬಂದ ಮಗುವಿನ ಮುಷ್ಟಿಗೆ ಬೀಗದ ಕೈ ತುರುಕುವುದು, ‘ಬಾಲಗ್ರಹ’ವೆಂದು ಮೈಮೇಲೆ ಬರೆ ಎಳೆಯುವುದು ಮಾತ್ರ ನಿಲ್ಲಲೇಬೇಕಾದವು. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ವೈದ್ಯರಿಗೆ ತೋರಿಸಬೇಕು.

2018ರಲ್ಲಿ ಶುರುವಾದ ‘ಅನೀಮಿಯ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಆರು ತಿಂಗಳು ತುಂಬಿದ ಕೂಸಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಉಂಟು. ಅದನ್ನು ಕೊಡುವುದು ರಕ್ತಹೀನತೆಗಾಗಿ. ಸೆಳವನ್ನು ತಡೆಯುತ್ತದೆಂಬ ಭರವಸೆ ಅದರ ಜತೆಗಿಲ್ಲ. ಮಗುವಿಗೆ ಜ್ವರವಿದ್ದ ದಿನ ಸಿರಪ್ ಕೊಡುವಂತಿಲ್ಲ, ಜ್ವರ ಬಿಟ್ಟ ಮೇಲೆ ಮುಂದುವರಿಸಬೇಕು.