ಹೊಸ ದನಿಗಳು ಮತ್ತು ಹೊರಗುಳಿದವರು

ಬ್ಯಾಂಕಿನ ಕ್ಲಾರ್ಕಾಗಿ ಕೆಲವು ವರ್ಷ ನಾನು ತಮಿಳುನಾಡಿನ ದಿಂಡಿಗಲ್ಲಿನಲ್ಲಿದ್ದೆ. ರಜಾದಿನಗಳಲ್ಲಿ ತೇನಿ, ಕಂಬಂ ಕಡೆಗೆ ಹೋಗುವುದು ರೂಢಿ. ಆ ದಾರಿಯಲ್ಲಿ ವತ್ತಲಗುಂಡು ಎಂಬ ಪೇಟೆ ಸಿಗುತ್ತದೆ. ಕೊಡೈಕಾನಲ್ಲಿಗೆ ಹೋಗುವವರು ಬಸ್ಸು ಬದಲಿಸುವ ಜಾಗ ಎಂದಷ್ಟೇ ಮೊದಲು ತಿಳಿದಿದ್ದೆ. ನಮ್ಮ ಶಾಖೆಗೆ ಪಿಂಚಣಿಗೆ ಬರುತ್ತಿದ್ದ ತಮಿಳು ಪಂಡಿತರೊಬ್ಬರು ಒಮ್ಮೆ, “ಸಾರ್, ಅಲ್ಲಿ ಇಳಿದು ಒಂದು ಕಾಫಿಯಾದರೂ ಕುಡಿದು ಹೋಗಿ. ಮೂವರು ಸಂಪಾದಕರನ್ನು ಕೊಟ್ಟ ಊರು ಅದು” ಎಂದರು.

ಅವರು ಹೇಳಿದ್ದು ನಿಜ. ತಮಿಳಿನ ಆರಂಭದ ಕಾದಂಬರಿಗಳಲ್ಲೊಂದಾದ ‘ಕಮಲಾಂಬಾಳ್ ಚರಿತ್ರಂ’ ಬರೆದ ಬಿ.ಆರ್. ರಾಜಂ ಅಯ್ಯರ್ ಆ ಊರಿನವರು. ವಿವೇಕಾನಂದರ ಪ್ರೇರಣೆಯಿಂದ 1896ರಲ್ಲಿ ಮದರಾಸಿನಲ್ಲಿ ಹುಟ್ಟಿದ ‘ಪ್ರಬುದ್ಧ ಭಾರತ’ ಎಂಬ ಇಂಗ್ಲಿಷ್ ಪತ್ರಿಕೆಗೆ ಅವರೇ ಮೊದಲ ಸಂಪಾದಕರು. 1898ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಎರಡನೆಯವರು ಬಿ.ಎಸ್. ರಾಮಯ್ಯ. 1933ರಲ್ಲಿ ಆರಂಭವಾದ ‘ಮಣಿಕ್ಕೊಡಿ’ ಪತ್ರಿಕೆಯನ್ನು ಎರಡು ವರ್ಷಗಳ ಅನಂತರ ಕೈಗೆತ್ತಿಕೊಂಡು ಸಣ್ಣಕತೆಗಳ ಪತ್ರಿಕೆಯನ್ನಾಗಿ ಮಾಡಿದವರು. ಮೂರನೆಯವರು ಸಿ.ಸು. ಚೆಲ್ಲಪ್ಪ (1912–1998). ಹೆಸರಿನ ಮೊದಲಕ್ಷರ ಕಂಬಂ ಕಣಿವೆಯ ಚಿನ್ನಮನೂರಿನದು, ಬೆಳೆದದ್ದು ವತ್ತಲಗುಂಡಿನಲ್ಲಿ. ನನ್ನ ಈ ಬರಹ ಮುಖ್ಯವಾಗಿ ಅವರನ್ನು ಕುರಿತದ್ದು.

ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು ಬಂದ ಚೆಲ್ಲಪ್ಪನವರು ಮಣಿಕ್ಕೊಡಿಯಲ್ಲಿ ಕತೆಗಾರರಾಗಿ ಬೆಳಕಿಗೆ ಬಂದವರು. ಗೂಳಿಯಾಟವನ್ನು ಕುರಿತ ಅವರ ಕಿರುಕಾದಂಬರಿ ‘ವಾಡಿವಾಸಲ್’ ಈಗಲೂ ಓದುಗರ ಕೈಯಲ್ಲಿದೆ. 1959ರ ಜನವರಿಯಲ್ಲಿ ಅವರು ಮದರಾಸಿನಿಂದ ‘ಎಳುತ್ತು’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮಲಯಾಳ ಬಲ್ಲ ನಮ್ಮ ಓದುಗರಿಗೆ ಆ ಶಬ್ದವನ್ನು ವಿವರಿಸಬೇಕಾಗಿಲ್ಲ. ತುಂಜತ್ತ್ ಎಳುತ್ತಚ್ಚನ್ನರ ಹೆಸರಿನಲ್ಲೇ ಅದು ಇದೆ. ಎರಡು ಸಾವಿರಕ್ಕಿಂತ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕುವುದಿಲ್ಲವೆಂದು ಪತ್ರಿಕೆ ತಾನಾಗಿ ಸಾರಿಕೊಂಡಿತ್ತು. ಆ ಮಿತಿಯನ್ನು ಮುಟ್ಟುವ ಗಂಡಾಂತರ ಅದಕ್ಕೆ ಎಂದೂ ಒದಗಲಿಲ್ಲ ಎನ್ನುವುದು ಬೇರೆ ಮಾತು. 1970ರಲ್ಲಿ ನಿಲ್ಲುವ ಹೊತ್ತಿಗೆ 119 ಸಂಚಿಕೆಗಳು ಬಂದಿದ್ದವು.

ವಿಮರ್ಶೆಗೆಂದು ಹೊರಟ ಪತ್ರಿಕೆ ಕವಿತೆಯ ಪತ್ರಿಕೆಯಾಗಿಬಿಟ್ಟದ್ದು ಒಂದು ಸ್ವಾರಸ್ಯ. ಛಂದಸ್ಸಿನ ಕಟ್ಟು ಬಿಟ್ಟ ಕವಿತೆಯನ್ನು ನ. ಪಿಚ್ಚಮೂರ್ತಿ 1934ರಲ್ಲಿಯೇ ಮಣಿಕ್ಕೊಡಿಯಲ್ಲಿ ಬರೆದಿದ್ದರು. ಅಲ್ಲಿಂದ ಕಾಲು ಶತಮಾನ ಅದು ಎಲ್ಲೋ ಅಡಗಿಕೊಂಡಿತ್ತು. ‘ಎಳುತ್ತು’ ಬಾಗಿಲು ತೆರೆದಾಗ ಪಿಚ್ಚಮೂರ್ತಿಯವರೊಡನೆ ಸಿ. ಮಣಿ, ಎಸ್. ವೈತೀಶ್ವರನ್, ಪಸುವಯ್ಯ, ಸಿಂಹಳದ ಟ್ರಿಂಕೋಮಲಿಯಿಂದ ಕಳಿಸುತ್ತಿದ್ದ ತರುಮು ಶಿವರಾಮು, ಹೀಗೆ ಹೊಸಬರು ಒಬ್ಬೊಬ್ಬರಾಗಿ ಬಂದರು. ಅವರಲ್ಲಿ 24 ಮಂದಿಯ 63 ಕವಿತೆಗಳನ್ನು ಆರಿಸಿ 1962ರಲ್ಲಿ ಚೆಲ್ಲಪ್ಪನವರು ಒಂದು ಸಂಕಲನವನ್ನು ಪ್ರಕಟಿಸಿದರು. ಹೆಸರು ‘ಪುದುಕ್ಕುರಲ್‌ಗಳ್’, ಅಂದರೆ ಹೊಸ ದನಿಗಳು.

ಮಾಸಪತ್ರಿಕೆಯಲ್ಲಿ ಬಂದ ಕವಿತೆಗೆ ಒಂದು ತಿಂಗಳ ಆಯುಷ್ಯ. ಮುಂದಿನ ಸಂಚಿಕೆ ಬಂದಾಗ ಹಿಂದಿನದು ಪೊಟ್ಟಣ ಕಟ್ಟುವ ಅಂಗಡಿಗೆ ಹೋಗುತ್ತದೆ. ಬಿಡಿಯಾಗಿ ಓದಿದಾಗ ಒಬ್ಬನ ವಿಚಿತ್ರ ಚಟದಂತೆ ಕಾಣುವ ಬರವಣಿಗೆ, ಇಪ್ಪತ್ತನಾಲ್ಕು ಜನರದು ಒಂದೇ ರಟ್ಟಿನೊಳಗೆ ಸೇರಿದಾಗ ಒಂದು ಕಾಲದ ಮಾತಾಗುತ್ತದೆ. ಬೈಯುವವರಿಗೂ ಅದರಿಂದ ಅನುಕೂಲ, ಯಾವುದನ್ನು ಬೈಯಬೇಕೆಂದು ಗೊತ್ತಾಗುತ್ತದೆ. ತಮಿಳಿನಲ್ಲಿ ಹಾಗೆಯೇ ಆಯಿತು. ಇದೇನು ಕವಿತೆಯೇ ಎಂದು ಪಂಡಿತರು ಕೇಳಿದರು, ಸಮಾಜದ ನೋವು ಇದರಲ್ಲಿ ಎಲ್ಲಿದೆ ಎಂದು ಪ್ರಗತಿಪರರು ಕೇಳಿದರು. ಎರಡನೆಯ ಪ್ರಶ್ನೆ ಕೇಳಿದವರು ಸುಮ್ಮನೆ ಕೂರಲಿಲ್ಲ. 1971ರಲ್ಲಿ ಕೊಯಮತ್ತೂರಿನಲ್ಲಿ ‘ವಾನಂಬಾಡಿ’ ಪತ್ರಿಕೆಯ ಸುತ್ತ ಸೇರಿ, 1973ರಲ್ಲಿ ‘ವೆಳಿಚ್ಚಂಗಳ್’ ಎಂಬ ತಮ್ಮದೇ ಸಂಕಲನ ತಂದರು. ಸಂಕಲನಕ್ಕೆ ಸಂಕಲನವೇ ಉತ್ತರ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಈ ಪುಸ್ತಕಗಳ ಹಿಂದಿನ ಲೆಕ್ಕವನ್ನು, ಲೆಕ್ಕ ಬರೆಯುವುದೇ ಕಸುಬಾದ ನಾನು, ನೋಡದೆ ಇರಲಾರೆ. ಚೆಲ್ಲಪ್ಪನವರು ತಾವೇ ಸಂಪಾದಕರು, ತಾವೇ ಪ್ರಕಾಶಕರು, ಕೊನೆಗೆ ಮಾರಾಟಗಾರರೂ ತಾವೇ. ಪುಸ್ತಕದ ಮೂಟೆ ಹೊತ್ತು ಊರೂರಿಗೆ, ಕಾಲೇಜಿನಿಂದ ಕಾಲೇಜಿಗೆ ಅಲೆದು ಮಾರಿದರು. ಯಾವ ಬ್ಯಾಂಕಿನ ಮೆನೇಜರನೂ ಇಂತಹ ಉದ್ಯಮಕ್ಕೆ ಸಾಲ ಮಂಜೂರು ಮಾಡಲಾರ. ನಾನು ಕೂತ ಕೌಂಟರಿಗೆ ಬಂದಿದ್ದರೆ ನಾನೂ ಅರ್ಜಿಯನ್ನು ಮೇಲಕ್ಕೆ ಕಳಿಸುತ್ತಿದ್ದೆನೋ ಇಲ್ಲವೋ. ಸಾಹಿತ್ಯ ಅಕಾಡೆಮಿ 2001ರ ಪ್ರಶಸ್ತಿಯನ್ನು ಅವರ ‘ಸುದಂದಿರ ದಾಗಂ’ ಕಾದಂಬರಿಗೆ ಕೊಟ್ಟಾಗ ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

ನಮ್ಮ ಈ ದ್ವಿಭಾಷಾ ವಾರ್ಷಿಕದ ಓದುಗರಿಗೆ ಇನ್ನೊಂದು ಮಾತು. ‘ಎಳುತ್ತು’ ಗುಂಪಿನಲ್ಲಿ ಗಡಿನಾಡಿನವರು ಕಡಿಮೆಯೇನಲ್ಲ. ಪಸುವಯ್ಯ ಎಂಬ ಹೆಸರಿನಲ್ಲಿ ಕವಿತೆ ಬರೆದವರು ನಾಗರಕೋಯಿಲಿನ ಸುಂದರ ರಾಮಸ್ವಾಮಿ, ತಕಳಿಯವರ ‘ಚೆಮ್ಮೀನ್’ ಕಾದಂಬರಿಯನ್ನು ತಮಿಳಿಗೆ ತಂದವರು. 1956ರ ನವೆಂಬರ್ 1ರಂದು ನಾವು ಮದರಾಸಿನಿಂದ ಕೇರಳಕ್ಕೆ ಬಂದೆವು. ಅದೇ ದಿನ ಅವರ ಊರು ತಿರುವಿದಾಂಕೂರು–ಕೊಚ್ಚಿಯಿಂದ ಮದರಾಸಿಗೆ ಹೋಯಿತು. ನಕುಲನ್ ಎಂದು ಹೆಸರಾದ ಟಿ.ಕೆ. ದೊರೈಸ್ವಾಮಿ ತಿರುವನಂತಪುರದಲ್ಲಿ ಇಂಗ್ಲಿಷ್ ಅಧ್ಯಾಪಕರು. ಅಲ್ಲಿ ಕೂತುಕೊಂಡೇ ಅವರು 1968ರಲ್ಲಿ ‘ಕುರುಕ್ಷೇತ್ರಂ’ ಎಂಬ ತಮಿಳು ಸಾಹಿತ್ಯ ಸಂಕಲನ ತಂದರು. ಅದೇ ಹೆಸರಿನ ಕವಿತೆಯಿಂದ ಮಲಯಾಳಕ್ಕೆ ನವ್ಯವನ್ನು ತಂದ ಅಯ್ಯಪ್ಪ ಪಣಿಕ್ಕರ್ ಅದೇ ಊರಿನಲ್ಲಿ, ಅದೇ ವರ್ಷ ‘ಕೇರಳ ಕವಿತ’ ಆರಂಭಿಸಿದರು. ಕನ್ನಡದಲ್ಲಿ ಅಡಿಗರ ‘ಸಾಕ್ಷಿ’ ಶುರುವಾದದ್ದು 1962ರಲ್ಲಿ, ‘ಪುದುಕ್ಕುರಲ್‌ಗಳ್’ ಬಂದ ವರ್ಷವೇ. 1970ರಲ್ಲಿ ಲಂಕೇಶರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ವನ್ನು ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಹೊರತಂದಿತು. ಎಳುತ್ತು ಎಂದರೂ ಅಕ್ಷರವೇ ತಾನೆ.

ಆದರೆ ಅಕ್ಷರದೊಳಕ್ಕೆ ಬಾರದವರ ಮಾತೂ ಇದೆ. ಕಂಬಂ ಕಣಿವೆಯ ಒಕ್ಕಲಿಗ ಕಪ್ಪಿಲಿಯರು, ಬೋಡಿನಾಯಕನೂರಿನ ದೇವಾಂಗರು, ದಿಂಡಿಗಲ್ ಕಡೆಯ ಅನುಪ್ಪ ಗೌಂಡರು ಮನೆಯಲ್ಲಿ ಆಡುವುದು ಕನ್ನಡ. ಕಂಬಂನಲ್ಲಿ ಕಪ್ಪಿಲಿಯರ ದೇವರ ದನಗಳ ದೊಡ್ಡಿಯೇ ಇದೆ. ಒಂದು ದಿನ ಕೌಂಟರಿನೆದುರು ನಿಂತ ಮುದುಕಿಯೊಬ್ಬರು ಪಕ್ಕದ ಮೊಮ್ಮಗನಿಗೆ ಕನ್ನಡದಲ್ಲಿ ಏನೋ ಗದರಿದರು. ನಾನು ಕನ್ನಡದಲ್ಲೇ, “ಕೂತ್ಕೊಳ್ಳಿ ಅಜ್ಜಿ, ದುಡ್ಡು ಈಗ ಬರ್ತದೆ” ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, “ಇದು ನಮ್ಮ ಮನೆಮಾತಲ್ಲವಾ, ನಿಮಗೆ ಹೇಗೆ ಬಂತು?” ಎಂದು ತಮಿಳಿನಲ್ಲಿ ಕೇಳಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೆರಡು ಕನ್ನಡ ಅಕ್ಷರ ಬರೆದು ತೋರಿಸಿದೆ. ಮೊಮ್ಮಗ ತೆಲುಗೆಂದು ತಿಳಿದ. ಆಕೆಗೆ ಎಷ್ಟು ಹಾಡು ಬರುತ್ತಿತ್ತೋ, ನಾನು ಕೇಳಲಿಲ್ಲ, ಹಿಂದೆ ಸಾಲು ಉದ್ದವಿತ್ತು.

ಹೊರಗುಳಿದವರ ಲೆಕ್ಕದಲ್ಲಿ ನನ್ನದೂ ಒಂದು ಬಾಕಿ ಇದೆ. ದಿಂಡಿಗಲ್ಲಿಗೆ ಹೋಗುವ ಮೊದಲು ನಾವು ಮೂವರು ಗೆಳೆಯರು ಕೈಯಿಂದ ಹಣ ಹಾಕಿ ನಮ್ಮ ತಾಲೂಕಿನ ಹೊಸ ಕನ್ನಡ ಕವಿತೆಗಳ ಪುಟ್ಟ ಸಂಕಲನವೊಂದನ್ನು ತಂದಿದ್ದೆವು. ಐನೂರು ಪ್ರತಿ, ಅರ್ಧಕ್ಕಿಂತ ಹೆಚ್ಚು ಈಗಲೂ ನನ್ನ ಮನೆಯ ಅಟ್ಟದಲ್ಲಿವೆ. ನಮಗೆಲ್ಲ ಕವಿತೆಯ ರುಚಿ ಹತ್ತಿಸಿದ, ಆಗಲೇ ಅರವತ್ತು ದಾಟಿದ್ದ ಒಬ್ಬ ಮಾಸ್ಟ್ರು ಎರಡು ಕವಿತೆ ಕೊಟ್ಟಿದ್ದರು. ಪ್ರಾಸ ಜಾಸ್ತಿಯಾಯಿತು, ಇದು ಹೊಸತಲ್ಲ ಎಂದು ನಾವು ಬಿಟ್ಟೆವು. ಬಿಡುವಂತೆ ಹೇಳಿದವನು ನಾನೇ. ಪುಸ್ತಕ ಬಿಡುಗಡೆಗೆ ಅವರು ಬಂದು ಹಿಂದಿನ ಸಾಲಿನಲ್ಲಿ ಕೂತು, ಒಂದು ಪ್ರತಿಯನ್ನು ದುಡ್ಡು ಕೊಟ್ಟೇ ಕೊಂಡರು. ಆಮೇಲೆ ಪೇಟೆಯಲ್ಲಿ ಸಿಕ್ಕಾಗ ಕೇಳಿದ್ದು ಇಷ್ಟೇ: “ಹೊಸತು ಅಂದರೆ ಎಷ್ಟು ವರ್ಷದ್ದು ಮಾರಾಯ?”

ಪಿಚ್ಚಮೂರ್ತಿ ಹುಟ್ಟಿದ್ದು 1900ರಲ್ಲಿ. ‘ಹೊಸ ದನಿಗಳು’ ಬಂದಾಗ ಅವರಿಗೆ 62, ಸಂಪಾದಕರಿಗೇ ಐವತ್ತು. ಇದನ್ನು ನಾನು ಲೆಕ್ಕ ಹಾಕಿದ್ದು ತೇನಿಯಿಂದ ಮರಳುವ ಬಸ್ಸಿನಲ್ಲಿ, ವತ್ತಲಗುಂಡಿನ ಕಾಫಿ ಕುಡಿದ ಮೇಲೆ. ಊರಿಗೆ ಬಂದು ಮಾಸ್ಟ್ರಿಗೆ ಹೇಳಬೇಕೆಂದುಕೊಂಡೆ. ನಾನು ವರ್ಗವಾಗಿ ಬರುವಷ್ಟರಲ್ಲಿ ಅವರು ಇರಲಿಲ್ಲ.

ಈಗ ಎರಡನೆಯ ಸಂಕಲನದ ಯೋಚನೆ ನಡೆದಿದೆ. ಕವಿತೆ ಕೇಳಿ ಬರೆದ ಕಾಗದಗಳಲ್ಲಿ ಮೊದಲನೆಯದನ್ನು ಮಾಸ್ಟ್ರ ಮಗನಿಗೆ ಹಾಕಿದ್ದೇನೆ, ಅಪ್ಪನ ನೋಟುಪುಸ್ತಕ ಇದ್ದರೆ ಕೊಡಬೇಕೆಂದು. ಉತ್ತರ ಇನ್ನೂ ಬಂದಿಲ್ಲ.